ಎಕ್ಕದ ಹಾಲು

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಎಕ್ಕದ ಎಲೆಯನ್ನು ಮಗುಚಿ, ಅಡಿಯ ಬಿಳಿ ನವಿರನ್ನು ಉಗುರಿನಿಂದ ಕೆರೆದು ತೋರಿಸುತ್ತೇನೆ. ಮರಳುಗಾಡಿನಲ್ಲೂ ಬದುಕುವ ಪೊದೆ ಇದು. ಎಲೆಯ ನೀರು ಆರದಂತೆ ಕಾಯುವುದು ಈ ರೋಮಗಳೇ. ಗೆಲ್ಲು ಮುರಿದರೆ ಒಸರುವ ಹಾಲು ಮಾತ್ರ ಕಣ್ಣಿಗೆ ತಾಗಬಾರದು ಎಂದು ಪ್ರತಿವರ್ಷ ಹೇಳುತ್ತೇನೆ. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ.

ಮಡಿಕೇರಿ ಹತ್ತಿರದ ನಮ್ಮೂರು ಗಾಳಿಬೀಡಿನ ಥಂಡಿಗೆ ಅತ್ತೆಯ ಮಂಡಿ ಊದಿಕೊಂಡಿತ್ತು. ಎಕ್ಕದೆಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿದರೆ ನೋವು ಇಳಿಯುತ್ತದೆಂದು ಅವರ ನಂಬಿಕೆ. ನಮ್ಮ ಮಳೆಗೆ ಆ ಗಿಡ ನಿಲ್ಲುವುದಿಲ್ಲ. ಕುಶಾಲನಗರದ ತವರಿಗೆ ಹೋದಾಗ ರಸ್ತೆಬದಿಯಿಂದ ನಾಲ್ಕು ಗೆಲ್ಲು ಮುರಿದು ತಂದೆ.

ಸಂಜೆ ಎಲೆ ಬಿಡಿಸಿ, ಬಿಸಿ ಮಾಡಿ ಎರಡೂ ಮಂಡಿಗೆ ಕಟ್ಟಿದೆ. ಅತ್ತೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಔಷಧಿ ಬಿಡುವ ಹೊತ್ತಾಗಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಬೆರಳಿನಿಂದ ರೆಪ್ಪೆ ಎಳೆದು ಹನಿ ಬಿಟ್ಟೆ.

ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತರು. “ಎಂತ ಇದು, ಒಳಗೂ ಮಂಜು ಬಂತಾ?”

“ಕಣ್ಣು ನೋವುಂಟಾ ಅತ್ತೆ?”

“ನೋವಿಲ್ಲೆ. ಬರೀ ಮಂಜು.”

ನಿನ್ನೆ ಸೆರಗಿಗೆ ಒರೆಸಿದ ಬೆರಳು ನೆನಪಾಯಿತು. ಕಣ್ಣು ತೊಳೆಸಿ, ಗಂಡನನ್ನು ಎಬ್ಬಿಸಿ ಮಡಿಕೇರಿಗೆ ಹೊರಟೆವು. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಡಾಕ್ಟರು ದೀಪ ಹಿಡಿದು ನೋಡಿದರು. “ಯಾವುದಾದ್ರೂ ಗಿಡದ ಹಾಲು ತಾಗಿತ್ತಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಎಕ್ಕದ್ದು ಡಾಕ್ಟ್ರೇ. ನಾನೇ ಉಜ್ಜಿಕೊಂಡೆ” ಎಂದರು.

ವಾಪಸು ಬರುವಾಗ ಗಂಡ ಬೈಯುತ್ತಲೇ ಇದ್ದರು. “ಈ ವಯಸ್ಸಲ್ಲಿ ನಿಂಗೆ ಎಂತಕೆ ಬೇಕು ಅವ್ವ ಇದೆಲ್ಲ? ಕಣ್ಣು ಹೋಗಿದ್ರೆ?” ಹಿಂದಿನ ಸೀಟಿನಲ್ಲಿ ನಾನು ಕಿಟಕಿ ನೋಡುತ್ತ ಕೂತಿದ್ದೆ.

ಔಷಧಿಯಿಂದ ಹತ್ತು ದಿನಕ್ಕೆ ದೃಷ್ಟಿ ತಿಳಿಯಾಯಿತು. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕೇಳಿದೆ, “ಯಾಕೆ ಹಾಗೆ ಹೇಳಿದ್ರಿ ಅತ್ತೆ?”

“ನಿಂಗೆ ಬೈದ್ರೆ ಮತ್ತೆ ಎಲೆ ತಂದುಕೊಡುದು ಯಾರು?” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಎಲೆ ಈಗಲೂ ತರುತ್ತೇನೆ. ಸೋಪು ಹಾಕಿ ಮೂರು ಮೂರು ಸಲ ಕೈ ತೊಳೆಯುತ್ತೇನೆ. ಆದರೆ ಕಣ್ಣಿನ ಔಷಧಿಯನ್ನು ಅತ್ತೆ ಕನ್ನಡಿ ಹಿಡಿದು ತಾವೇ ಬಿಟ್ಟುಕೊಳ್ಳುತ್ತಾರೆ. ಗಂಡನಿಗೆ ನಾನಿನ್ನೂ ಹೇಳಿಲ್ಲ. ನೆಂಟರು ಬಂದರೆ ಗಂಡ ತಾಯಿಯ ಪೆದ್ದುತನದ ಕಥೆ ತೆಗೆಯುತ್ತಾರೆ. “ಹೌದು, ನಂಗೆ ಬುದ್ಧಿ ಇಲ್ಲೆ” ಎಂದು ಅತ್ತೆ ತಲೆಯಾಡಿಸುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.