ಮೂವತ್ತೈದನೆಯ ಕಲ್ಲು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮೈಲಿಗಲ್ಲುಗಳನ್ನು ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮಹಾರಾಜರ ಕಾಲದಲ್ಲಿ ಯಾರೋ ಮೈಸೂರಿನಲ್ಲಿ ನಿಂತು ಒಂದು ಎಂದು ಎಣಿಸಲು ಶುರುಮಾಡಿದರು. ಆ ಎಣಿಕೆ ಎಲ್ಲೂ ತಪ್ಪದೆ ನಮ್ಮ ಊರಿನ ದಾರಿಗೂ ಬಂದು, ಅಲ್ಲಿಂದ ಕೊಡಗಿನ ಕಡೆಗೂ ಹೋಯಿತು. ನಮ್ಮ ಊರಿಗೆ ತಿರುಗುವ ಗಾಡಿದಾರಿಯ ಬಾಯಲ್ಲಿದ್ದದ್ದು ಮೂವತ್ತೈದನೆಯ ಕಲ್ಲು. ಬಸ್ಸಿನವರಿಗೆ ಊರಿನ ಹೆಸರು ಗೊತ್ತಿರಲಿಲ್ಲ, ಮೂವತ್ತೈದು ಎಂದರೆ ನಿಲ್ಲಿಸುತ್ತಿದ್ದರು.

ನಮ್ಮವ್ವನಿಗೆ ಮಾತ್ರ ಅದು ಅಂಕಿಯ ಕಲ್ಲಲ್ಲ, ದಾರಿ ಕಾಯುವ ತಾಯಿ. ಚೊಚ್ಚಲ ಹೆರಿಗೆಗೆ ನಾನು ತವರಿಗೆ ಬಂದಾಗ ಹರಕೆ ಕಟ್ಟಿಕೊಂಡು, ಪ್ರತಿ ಶುಕ್ರವಾರ ಅದಕ್ಕೆ ಎಣ್ಣೆ ಸವರಿ ಅರಿಸಿನ ಬಳಿಯುತ್ತಿದ್ದಳು. ಅವ್ವನ ಕೈ ಧಾರಾಳ. ಕೆಲವೇ ವಾರಗಳಲ್ಲಿ ಅಂಕಿ ಪೂರ್ತಿ ಮುಚ್ಚಿಹೋಯಿತು. ಮನೆಯಲ್ಲಿ ಯಾರೂ ಗಮನಿಸಲಿಲ್ಲ. ನಮ್ಮೂರಿನ ಕಲ್ಲನ್ನು ನಾವೇಕೆ ಓದುತ್ತೇವೆ?

ನೋವು ಶುರುವಾದ ಮರುದಿನ ಬೆಳಿಗ್ಗೆ ಸೂಲಗಿತ್ತಿ ಕೈಚೆಲ್ಲಿದಳು. ಮಗು ಅಡ್ಡ ನಿಂತಿದೆ, ಹುಣಸೂರಿನ ಲೇಡಿ ಡಾಕ್ಟರು ಬಂದರೆ ಮಾತ್ರ ಇಬ್ಬರೂ ಉಳಿಯುತ್ತಾರೆ ಎಂದಳು. ಅಣ್ಣ ಯಾರದೋ ಸೈಕಲ್ ಇಸಕೊಂಡು ಓಡಿದ. ಡಾಕ್ಟರಮ್ಮ ಕೂಡಲೇ ಕಾರು ತೆಗೆಸಿ, ಹತ್ತಪ್ಪ ಎಂದರಂತೆ. ಅಷ್ಟು ದೊಡ್ಡವರ ಜೊತೆ ಕೂರುವುದೆಂದರೆ ನಮ್ಮಣ್ಣನಿಗೆ ಪ್ರಾಣಸಂಕಟ. ಎರವಲು ಸೈಕಲ್ ಬಿಟ್ಟು ಬರಲಾರೆ ಎಂದು ನೆಪ ಹೇಳಿ, ಮೂವತ್ತೈದನೆಯ ಕಲ್ಲಿನ ಹತ್ತಿರ ಎಡಕ್ಕೆ ತಿರುಗಿ ಎಂದಷ್ಟೇ ತಿಳಿಸಿ ಹಿಂದೆ ಉಳಿದ. ತಂಗಿಯ ಜೀವ ಹೋಗುತ್ತಿರುವಾಗಲೂ ಸಂಕೋಚ ಬಿಡದ ಪುಣ್ಯಾತ್ಮ.

ಮುಂದಿನದನ್ನು ಡಾಕ್ಟರಮ್ಮನೇ ಆಮೇಲೆ ನನ್ನ ಪಕ್ಕ ಕೂತು ಹೇಳಿದರು. ಉರಿಬಿಸಿಲು, ರಸ್ತೆಯಲ್ಲಿ ಕೇಳೋಣವೆಂದರೆ ನರಪಿಳ್ಳೆ ಇಲ್ಲ. ಮೂವತ್ತನಾಲ್ಕು ದಾಟಿತು. ಆಮೇಲೆ ಅರಿಸಿನ ಮೆತ್ತಿದ ಯಾವುದೋ ದೇವರು ಸಿಕ್ಕಿತು. ಅದರ ಮುಂದೆ ನೋಡಿದರೆ ಮೂವತ್ತಾರು. ಡ್ರೈವರ್ ಗಾಬರಿಯಾಗಿ ಕಾರು ನಿಲ್ಲಿಸಿದ.

“ಮೂವತ್ನಾಲ್ಕು ಆಯ್ತು, ಮೂವತ್ತಾರು ಬಂತು,” ಎಂದರಂತೆ ಡಾಕ್ಟರಮ್ಮ. “ಮಧ್ಯದ್ದು ದೇವರಾಗಿ ಕೂತಿದೆ. ತಿರುಗಿಸಪ್ಪ.”

ನಾನೂ ಉಳಿದೆ, ಮಗಳೂ ಉಳಿದಳು. ಬಾಣಂತಿ ಕೋಣೆಯಲ್ಲಿ ಮಲಗಿ ನಾನು ಅದನ್ನೇ ಯೋಚಿಸುತ್ತಿದ್ದೆ. ನಾನು ಹುಟ್ಟುವ ಮೊದಲೇ ನೆಟ್ಟ ಕಲ್ಲುಗಳು ಅವು. ನಮ್ಮೂರನ್ನು ಎಂದೂ ಕಾಣದವರಿಗೆ ನಾನು ನರಳುತ್ತಿದ್ದ ಮನೆಯ ದಾರಿ ತೋರಿಸಿದ್ದವು. ಒಂದನ್ನು ಮುಚ್ಚಿದರೂ ಉಳಿದವು ಅದರ ಜಾಗವನ್ನು ಕಾದುಕೊಂಡಿದ್ದವು. ಇದನ್ನು ಕಟ್ಟಿದ ಮನುಷ್ಯ ಯಾರೋ, ಅವನ ಬುದ್ಧಿಗೆ ಮಲಗಿದಲ್ಲೇ ಕೈ ಮುಗಿದೆ.

ಬಾಣಂತನ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಅವ್ವನ ಜೊತೆ ಕಲ್ಲಿನ ಹತ್ತಿರ ಹೋದೆ. ಅವಳು ಹುಣಿಸೆಹಣ್ಣು ಹಚ್ಚಿ ಉಜ್ಜಿ ಅಂಕಿ ಬಿಡಿಸಿದಳು, ನೆತ್ತಿಗೆ ಮಾತ್ರ ಅರಿಸಿನ ಇಟ್ಟಳು. ಪೂಜೆ ಮುಗಿಯಿತೆಂದು ನಾನು ಊರಿನ ಕಡೆ ತಿರುಗಿದರೆ, ಅವಳು ಕುಂಕುಮದ ಬಟ್ಟಲು ಹಿಡಿದು ಹುಣಸೂರಿನ ಕಡೆ ಹೊರಟಿದ್ದಳು. ಎಲ್ಲಿಗೆ ಎಂದು ಕೇಳಿದೆ.

“ಈ ತಾಯಿ ಬಾಯ ನಾನೇ ಮುಚ್ಚಿದ್ದೆ,” ಎಂದಳು. “ನಿನ್ನ ಗುರ್ತು ಯೋಳಿದ್ದು ಅಕ್ಕಪಕ್ಕದ ಎಲ್ಡು ಕಣವ್ವ. ಅವುಕ್ಕೂ ಒಂದು ಬೊಟ್ಟು ಇಕ್ಬ್ಯಾಡ್ವ?”

ಒಂದು ಮೈಲಿ ಆ ಕಡೆ, ತಿರುಗಿ ಎರಡು ಮೈಲಿ ಈ ಕಡೆ. ಬಿಸಿಲು ಏರಿತ್ತು, ಆದರೂ ನಡೆದೆವು. ಮೂವತ್ತಾರರ ಮುಂದೆ ಕೂತು ಅವ್ವ, ಓದು ಬಾರದ ನಮ್ಮವ್ವ, ಅಂಕಿಗೆ ಎಲ್ಲೂ ತಾಗದಂತೆ ಬೆರಳ ತುದಿಯಿಂದ ಕುಂಕುಮ ಇಟ್ಟಳು.