ಎರ್ರೆಮ್ಮಕ್ಕನ ಡಬ್ಬಿ

ಎರ್ರೆಮ್ಮಕ್ಕ ಮೊದಲು ಗಿರಾಕಿಯ ಕೈ ನೋಡುತ್ತಿದ್ದಳು, ಮುಖ ಆಮೇಲೆ. ಕೈಯಲ್ಲಿ ಡಬ್ಬಿ ಕಂಡರೆ "ಬಾರವ್ವ, ಬಾರಪ್ಪ" ಎಂಬ ಉಪಚಾರ. ಬರಿಗೈ ಬೀಸಿಕೊಂಡು ಬಂದವರಿಗೆ ಹಣೆ ಗಂಟಿಕ್ಕಿ, "ಯಾತರಾಗ ಒಯ್ತೀ? ಉಡಿಯಾಗ ಸುರುವ್ಲೇನು?" ಅನ್ನುತ್ತಿದ್ದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಕೆಯದು ಒಂದೇ ಬಾಗಿಲಿನ ಒಗ್ಗರಣೆ ಮಿರ್ಚಿ ಅಂಗಡಿ. ಗಂಡ ತೀರಿಕೊಂಡಿದ್ದ, ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದಳು. ಆ ಬಾಣಲೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಜೀನ್ಸ್ ಹೊಲಿಯಲು ಹೋಗುವ ನನ್ನಂಥವರೆಲ್ಲ ಬೆಳಿಗ್ಗೆ ಅಲ್ಲಿಂದಲೇ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಓಡುತ್ತಿದ್ದೆವು. ಮೊದಲೆಲ್ಲ ಡಬ್ಬಿಯ ಮಾತೇ ಇರಲಿಲ್ಲ, ಪ್ಲಾಸ್ಟಿಕ್ ಕವರಿಗೆ ಸುರುವಿ, ಗಂಟು ಹಾಕಿ, ಬಿಸಿಬಿಸಿ ಕೈಗಿಡುತ್ತಿದ್ದಳು. ಚಿಂತೆಯೇ ಇರಲಿಲ್ಲ.

ಚಿಂತೆ ಬಂದದ್ದು ಜೀಪಿನಲ್ಲಿ. ಪಾಲಿಕೆಯಿಂದ ಪ್ಲಾಸ್ಟಿಕ್ ಹಿಡಿಯಲು ಬಂದವರು ಕವರಿನ ಕಟ್ಟುಗಳನ್ನೆಲ್ಲ ಹೊತ್ತೊಯ್ದು, "ಇನ್ನೊಮ್ಮೆ ಕಂಡ್ರ ಅಂಗಡಿಗೆ ಬೀಗ ನೋಡಮ್ಮ" ಎಂದರು.

"ಕಾಗದದ ಡಬ್ಬಿ ತರ್ತೀನ್ರಿ ಸಾಹೇಬ್ರ. ಅದರ ರೊಕ್ಕ ಯಾರು ಕೊಡಬೇಕು?"

"ಗಿರಾಕಿ ಕಡಿಂದ ತಗೋ."

ಗಿರಾಕಿ ಕೊಡಬೇಕಲ್ಲ! ಆಟೋ ಖಾದರ್ ಮರುದಿನವೇ ಜಗಳ ತೆಗೆದ. "ಪ್ಲಾಸ್ಟಿಕ್ ಬ್ಯಾಡ ಅಂತ ನಾ ಹೇಳಿನೇನ್ ಅಕ್ಕಾ? ಯಾರು ಹೇಳ್ಯಾರೋ ಅವ್ರು ಕೊಡ್ಲಿ."

"ತಿನ್ನೂದು ನೀನು, ಕಟ್ಟಿ ಕೊಡೂ ಖರ್ಚು ನಂದೇನಲೇ?"

"ಅಂಗಡಿ ನಿಂದಲ್ಲೇನು ಮತ್ತ?"

ಇಬ್ಬರದೂ ಸುಳ್ಳಲ್ಲ, ಅದೇ ತಲೆನೋವು. ಸರಿ, ಕಾಗದದ ಡಬ್ಬಿಯ ಖರ್ಚನ್ನು ಒಂದು ಹಿಡಿ ಕಡಿಮೆ ಹಾಕಿ ಸರಿದೂಗಿಸುತ್ತೇನೆಂದು ಎರ್ರೆಮ್ಮಕ್ಕ ನಿಶ್ಚಯ ಮಾಡಿದಳು. ನಾನು ಎದುರಿಗೇ ನಿಂತು ನೋಡಿದೆ. ಅಳೆದು ಹಾಕಿದಳು, ಒಂದು ಹಿಡಿ ವಾಪಸು ತೆಗೆದಳು, ನನ್ನ ಮುಖ ನೋಡಿದಳು, ಆ ಹಿಡಿಯನ್ನೂ ಹಾಕಿ ಮೇಲೊಂದು ಮಿರ್ಚಿ ಇಟ್ಟಳು. "ಕೈ ಕೇಳವಲ್ದವ್ವ ಶಾರದಾ, ಏನ್ ಮಾಡ್ಲಿ?" ಎಂದು ಆ ಕೈಯನ್ನೇ ಬೈದುಕೊಂಡಳು. ಇಂಥವಳು ವ್ಯಾಪಾರ ಮಾಡಿ ಉದ್ಧಾರ ಆದ ಹಾಗೆಯೇ ಅಂದುಕೊಂಡೆ.

ಒಂದು ದಿನ ನೋಡಿದರೆ ಕಟ್ಟೆಯ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು ಹೊಳೆಯುತ್ತಿವೆ! ತವರಿನಿಂದ ಬಂದ ಹಿತ್ತಾಳೆ ಕೊಡ, ಹಂಡೆ ಎರಡನ್ನೂ ಪಾತ್ರೆ ಅಂಗಡಿಗೆ ಹಾಕಿ ತಂದಿದ್ದಳು. ಪ್ರತಿಯೊಂದರ ಮುಚ್ಚಳದ ಮೇಲೂ ತನ್ನ ಹೆಸರು ಕೊರೆಸಿದ್ದಳು. ಒಯ್ಯಿರಿ, ತಿನ್ನಿರಿ, ತೊಳೆದು ತನ್ನಿರಿ. ಡಬ್ಬಿಗೆಂದು ಯಾರೂ ಯಾರಿಗೂ ಏನೂ ಕೊಡುವುದು ಬೇಡ. ಡಬ್ಬಿಗೆ ಒಂದಿಷ್ಟು ರೊಕ್ಕ ಹಿಡಿದುಕೊಳ್ಳೆಂದರೆ ಸಿಟ್ಟಾದಳು. "ಅಡ ಇಟ್ಕೊಂಡು ಉಣ್ಣಾಕ ಕೊಡ್ತಾರೇನ? ನನ್ನ ಮಂದಿ ಅದಾರ, ತರ್ತಾರ."

ಮಂದಿ ತರಲಿಲ್ಲ. ದಿನ ಕಳೆದ ಹಾಗೆ ಕಟ್ಟೆ ಬೋಳಾಯಿತು. ಎರ್ರೆಮ್ಮಕ್ಕ ಬಾಣಲೆ ಬಿಟ್ಟು ಬಾಗಿಲಿಗೆ ಬಂದು ಬೀದಿ ನೋಡುವಳು. ಒಳಗೆ ಎಣ್ಣೆ ಹೊಗೆಯಾಡುತ್ತಿತ್ತು. "ಕೊಡಾನೂ ಹೋತು, ಡಬ್ಬೀನೂ ಹೋತು. ನಾಳಿಂದ ಯಾತರಾಗ ಕೊಡ್ಲಿ? ಬಾಗ್ಲಾ ಹಾಕೂದ?" ಎಂದಳು. ಇಷ್ಟು ವರ್ಷ ಉಂಡ ಜನ ಇಷ್ಟು ಕೆಟ್ಟವರೇ ಅಂದುಕೊಂಡೆ.

ಆ ಸಂಜೆ ನಮ್ಮ ಮನೆಯ ನೆಲುವಿನ ಮೇಲೆ ನೋಡುತ್ತೇನೆ, ಎರ್ರೆಮ್ಮಕ್ಕನ ಡಬ್ಬಿ! ನಮ್ಮ ಯಜಮಾನರು ತಂದಿಟ್ಟಿದ್ದರಂತೆ. ಅತ್ತೆಯನ್ನು ಕೇಳಿದರೆ, "ಖಾಲಿ ಡಬ್ಬಿ ಹೆಂಗ ಕೊಡೂದ? ಹುಣ್ಣಿವಿಗೆ ಹೋಳಿಗಿ ಮಾಡ್ತೀನಲ್ಲ, ಹಾಕಿ ಕೊಟ್ರಾತು" ಎಂದರು. ಎದ್ದು ಮನೆಮನೆಗೂ ಹೋಗಿ ವಿಚಾರಿಸಿದೆ. ಓಣಿ ತುಂಬ ಇದೇ ಕತೆ. ಒಬ್ಬರು ಕುರುಗೋಡಿನ ಹೊಲದಿಂದ ಶೇಂಗಾ ಬರಲಿ ಎನ್ನುತ್ತಿದ್ದರು. ಖಾದರನ ಮನೆಯಾಕೆ ಹಬ್ಬದ ಶಾವಿಗೆ ಪಾಯಸಕ್ಕೆ ಕಾಯುತ್ತಿದ್ದಳು. ಯಾರೂ ನುಂಗಿರಲಿಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ತಿರುಗಿಸಬಾರದೆಂದು ಎಲ್ಲರೂ ಇಟ್ಟುಕೊಂಡು ಕೂತಿದ್ದರು.

ಓಡಿಹೋಗಿ ಹೇಳಿದೆ. ಎರ್ರೆಮ್ಮಕ್ಕ ನಕ್ಕಳು, ಕಣ್ಣೊರೆಸಿಕೊಂಡಳು, ಆಮೇಲೆ ಉರಿದುಬಿದ್ದಳು. "ಅಯ್ಯ ಇವ್ರ ಸುಡ್ಲಿ! ಇವ್ರ ಹೋಳಿಗಿ ಬೇಯೂತನ ನಾ ಉಪಾಸ ಸಾಯ್ಲೇನು? ಒಂದು ಚಿಟಿಕಿ ಸಕ್ರಿ ಹಾಕಿ ಇವತ್ತ ತಂದು ಕೊಡ್ರಿ ಅಂತ ಹೇಳು!" ಮರುದಿನ ಡಬ್ಬಿಗಳು ಬಂದವು. ಅಂದಿನಿಂದ ಆಕೆಯ ಚಹಾದ ಸಕ್ಕರೆಯೆಲ್ಲ ನಮ್ಮದೇ.

ಮಂಡಿನೋವು ಹೆಚ್ಚಾಗಿ ಕೊನೆಗೆ ಅಂಗಡಿ ಬಿಟ್ಟು ಮಗಳ ಮನೆಗೆ ಹೋದಳು. ಒಂದು ಡಬ್ಬಿ ನನ್ನ ಹತ್ತಿರ ಉಳಿದಿತ್ತು. ಸಕ್ಕರೆ ತುಂಬಿ ಸಿರುಗುಪ್ಪಕ್ಕೆ ಒಯ್ದೆ. ಆಗಲೂ ಆಕೆ ಮೊದಲು ನನ್ನ ಕೈಯನ್ನೇ ನೋಡಿದಳು.

"ಈಗ ಅಲ್ಲಿ ಯಾತರಾಗ ಕೊಡ್ತಾರವ್ವ?"

"ಹೊಸಬ್ರು ಕಾಗದದ ಡಬ್ಬಿಯಾಗ ಕೊಡ್ತಾರಕ್ಕ. ಅದಕ್ಕ ಬ್ಯಾರೆ ರೊಕ್ಕ."

"ಮಂದಿ ಕೊಡ್ತಾರೇನು?"

"ಬೈಕೋತ ಕೊಡ್ತಾರ."

ಬಸ್ಸಿನ ಹೊತ್ತಾಯಿತೆಂದು ನಾನೆದ್ದಾಗ ಆಕೆ ಗೋಡೆ ಹಿಡಿದು ಒಳಗೆ ಹೋಗಿ, ಅದೇ ಡಬ್ಬಿಗೆ ಸಿರುಗುಪ್ಪದ ಅಕ್ಕಿ ತುಂಬಿ ತಂದಳು. "ಮತ್ತ ತೊಗೊಂಡು ಬಾ. ಹೋಳಿಗಿ ಆಗ್ಲಿ ಅಂತ ಕುಂದರಬ್ಯಾಡ."

ಮುಂದಿನ ಸಲ ಹೋದದ್ದು ಆಕೆಯ ಮಣ್ಣಿಗೆ. ಸಾವಿನ ಮನೆಗೆ ಸಿಹಿ ಒಯ್ಯಬಾರದೆಂದು ಅತ್ತೆ ತಡೆದರು. ಡಬ್ಬಿ ಖಾಲಿಯೇ ಹಿಡಿದುಕೊಂಡು ಹೋದೆ. ಎಲ್ಲ ಮುಗಿದ ಮೇಲೆ ಮಗಳು ಮುಚ್ಚಳದ ಮೇಲಿನ ಹೆಸರನ್ನು ಸೆರಗಿನಿಂದ ಒರೆಸಿ, ನನ್ನ ಕೈಗೇ ಕೊಟ್ಟಳು. "ಅವ್ವನ ನೆನಪಿಗೆ ನೀವ ಇಟ್ಕೋರಿ ಅಕ್ಕಾ. ಸೂತಕದ ಮನಿ, ಒಳಗ ಏನೂ ಹಾಕಿ ಕೊಡಂಗಿಲ್ಲ."

ಬಳ್ಳಾರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಸೀಟಿನ ಅಜ್ಜಿ, "ಗಟ್ಟಿ ಹಿಡ್ಕೊಂಡೀಯಲ್ಲವ್ವ, ಚೆಲ್ಲೂದೇನು?" ಎಂದು ಕೇಳಿದಳು.

"ಇಲ್ಲಬೇ," ಎಂದೆ. "ಖಾಲಿ ಐತಿ."