ಸೋಸಿದ ನೀರಿನಲ್ಲಿ ಉಳಿದದ್ದು

ಬಸ್ತಿಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಹಿತ್ತಲಲ್ಲಿ ಒಂದು ತೆರೆದ ಬಾವಿ ಇದೆ. ನಲ್ಲಿ ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಮನೆಯೊಡತಿ ಕುಡಿಯುವುದು ಆ ಬಾವಿಯ ನೀರನ್ನೇ. ಜೈನರ ಮನೆಯ ಹಿರಿಯರು. ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆಯಲ್ಲಿ ಸೋಸದ ನೀರನ್ನು ಬಾಯಿಗಿಡುವುದಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ ಒಂದು ಚೊಂಬಿನಲ್ಲಿ ತೊಳೆದು, ಆ ನೀರನ್ನು ಮತ್ತೆ ಬಾವಿಗೇ ಬಿಡುತ್ತಾರೆ. ಬಟ್ಟೆಗೆ ಸಿಕ್ಕ ಜೀವ ತನ್ನ ನೀರಿಗೇ ಹೋಗಬೇಕು. ಹೊತ್ತು ಮುಳುಗಿದ ಮೇಲೆ ಅವರಿಗೆ ಊಟವೂ ಇಲ್ಲ, ನೀರೂ ಇಲ್ಲ.

ನಾನು ಬೇಲೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಹುಲಿಕೆರೆಯ ಕೊಳದಿಂದ ಒಂದು ಬಾಟಲಿ ನೀರು ತಂದು, ಅದಕ್ಕೆ ರಾಗಿ ಹುಲ್ಲು ಹಾಕಿ ಕಿಟಕಿಯಲ್ಲಿಡುವುದು ರೂಢಿ. ಹುಲ್ಲು ಕೊಳೆತರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವನ್ನು ತಿನ್ನಲು ಏಕಕೋಶ ಜೀವಿಗಳು ಹೆಚ್ಚುತ್ತವೆ. ಈ ಸಲ ಒಂದು ಭಾನುವಾರ, ಹೆಚ್ಚಿವೆಯೋ ಇಲ್ಲವೋ ನೋಡಲು ಕಾಲೇಜಿನ ಸೂಕ್ಷ್ಮದರ್ಶಕವನ್ನು ಕೇಳಿ ಮನೆಗೆ ತಂದಿದ್ದೆ.

"ಏನೈತೆ ಟೀಚರಮ್ಮ ಆ ಬಾಟ್ಲೀಲಿ? ನಾರ್ತಾ ಐತೆ" ಎಂದು ಮನೆಯೊಡತಿ ಒಳಗೆ ಬಂದರು.

"ಸಣ್ಣ ಜೀವಿಗಳು ಅಮ್ಮ. ಬನ್ನಿ, ನೋಡಿ."

ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೋಡಿದರು. "ಅಯ್ಯೋ, ಓಡಾಡ್ತಾ ಐತಲ್ರೀ! ಚಪ್ಪಲಿ ಥರ ಐತೆ."

ಪಠ್ಯಪುಸ್ತಕದಲ್ಲೂ ಹಾಗೇ ಇದೆ. ಅದು ಪ್ಯಾರಮೀಸಿಯಂ. ಮೇಷ್ಟರ ಬಾಯಿ ಸುಮ್ಮನಿರುವುದಿಲ್ಲ, ನಾನು ಶುರು ಮಾಡಿದೆ. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅಣಬೆಯೂ ಅಲ್ಲ ಅನಿಸಿದ್ದನ್ನೆಲ್ಲ ಪುಸ್ತಕದವರು ಒಂದೇ ಪಾಠದಲ್ಲಿ ತುರುಕಿದ್ದಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಒಂದೇ ಮನೆಯವರಲ್ಲವಲ್ಲ, ಹಾಗೆ. ಈ ಚಪ್ಪಲಿಗೆ ಮಲೇರಿಯಾ ತರುವ ಜೀವಿ ಸಂಬಂಧಿ. ಅಮೀಬಾ ಇದಕ್ಕಿಂತ ನಮಗೇ ಹತ್ತಿರ.

"ನಮ್ಗೆ ನೆಂಟ್ರಾ?"

"ಬಹಳ ದೂರದ ನೆಂಟರು."

"ದೂರದೋರಾದ್ರೂ ನೆಂಟ್ರು ನೆಂಟ್ರೇ" ಎಂದು ಎದ್ದುಹೋದವರು, ತಾವು ಸೋಸಿಟ್ಟ ನೀರನ್ನು ಲೋಟದಲ್ಲಿ ತಂದು ಮುಂದಿಟ್ಟರು. "ಇದ್ನೂ ನೋಡಿ."

"ಕಾಫಿ ಮಾಡ್ತೀನಿ, ಕೂತ್ಕೊಳ್ಳಿ" ಎಂದೆ.

"ಕಾಫಿ ಬ್ಯಾಡ. ನೋಡಿ."

ಲೋಟದ ತಳದಿಂದ ಒಂದು ಹನಿ ತೆಗೆದೆ. ಬಹಳ ಹೊತ್ತು ಏನೂ ಕಾಣಲಿಲ್ಲ. ನನಗೆ ಖುಷಿಯಾಯಿತು. ಗಾಜನ್ನು ಸ್ವಲ್ಪ ಸರಿಸಿದಾಗ ಏನೋ ಒಂದು ಅಡ್ಡ ಹಾಯಿತು.

"ಐತಾ?"

"ಒಂದಿದೆ."

ಅವರೂ ನೋಡಿದರು. "ಮದ್ವೆಯಾಗಿ ಬಂದಾಗ್ಲಿಂದ ಸೋಸ್ತಾ ಇವ್ನಿ ಕಣ್ರೀ. ಅಷ್ಟೂ ದಿನ ಇವನ್ನ ಕುಡೀತಾ ಇದ್ನಾ?"

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರು. ಆಗಲೂ ಒಂದು ಸಿಕ್ಕಿತು. ಎಂಟು ಮಡಿಕೆ ಮಾಡಿದರು. ಎಂಟು ಮಡಿಕೆಗೆ ನೀರೇ ಇಳಿಯಲಿಲ್ಲ.

ಸಮಾಧಾನ ಮಾಡೋಣವೆಂದು ಯುಗ್ಲೀನಾದ ಕಥೆ ಹೇಳಿದೆ. ಅದರ ಪೂರ್ವಜ ಎಂದೋ ಒಂದು ಹಸಿರು ಪಾಚಿಯನ್ನು ನುಂಗಿತಂತೆ, ಅರಗಿಸಿಕೊಳ್ಳಲಿಲ್ಲವಂತೆ. ಆ ಪಾಚಿಯ ಹಸಿರು ಇವತ್ತಿಗೂ ಒಳಗಿದ್ದುಕೊಂಡು ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುತ್ತಿದೆ.

"ನುಂಗಿದ್ರೂ ಸಾಯ್ಲಿಲ್ವಾ?" ಅವರ ಮುಖ ಅರಳಿತು. "ಹಂಗಾರೆ ನಾನು ಕುಡ್ದಿದ್ದೂ ಒಳಗೆ ಬದುಕಿರ್ತಾವಾ?"

"ಇಲ್ಲಮ್ಮ. ನಮ್ಮ ಹೊಟ್ಟೇಲಿ ಆಸಿಡ್ ಇರುತ್ತೆ."

"ಮತ್ಯಾಕ್ ಹೇಳಿದ್ರಿ ಅದ್ನ?"

ಅವರೇ ಮುಂದುವರಿದು, ಕುದಿಸಿದರೆ ಹೇಗೆ ಎಂದು ಕೇಳಿದರು. ಅಲ್ಲೇ ಸಾಯುತ್ತವೆ ಎಂದೆ. "ಅದೂ ನಾನೇ ಮಾಡ್ದಂಗಾಯ್ತು" ಎಂದು ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತರು.

ಮಧ್ಯಾಹ್ನ ಊಟ ಮಾಡಲಿಲ್ಲ, ನೀರು ಕುಡಿಯಲಿಲ್ಲ. ಬಿ.ಪಿ. ಮಾತ್ರೆ ಸೆರಗಿನ ಗಂಟಿನಲ್ಲೇ ಉಳಿಯಿತು. ಮಾರ್ಚ್ ತಿಂಗಳ ಬಿಸಿಲು. ಹೊತ್ತು ಇಳಿದಂತೆ ಹಿತ್ತಲಾಚೆಯ ಬಸದಿಯ ಗೋಡೆಯ ಮೇಲೆ ಬಿಸಿಲು ಕಿರಿದಾಗುತ್ತಿತ್ತು. ಹೊತ್ತು ಮುಳುಗಿದರೆ ಬೆಳಗಿನವರೆಗೆ ಒಂದು ಹನಿಯೂ ಇಲ್ಲ. ಓಡಿಹೋಗಿ ಎಳನೀರು ತಂದೆ.

"ಇವತ್ತು ಎಳ್ನೀರು. ನಾಳೀಕೆ? ಬಾವಿ ಬಿಟ್ಟು ಓಡೋಗಕ್ಕಾಯ್ತದಾ?" ಎಂದರು. ಮುಟ್ಟಲಿಲ್ಲ.

ಎಳನೀರು ಕೈಯಲ್ಲಿ ಹಿಡಿದು ನಿಂತಿದ್ದಾಗ ಕಟ್ಟೆಯ ಮೇಲೆ ಸೋಸುವ ಬಟ್ಟೆ ತೊಳೆದ ನೀರಿನ ಚೊಂಬು ಕಂಡಿತು. ಬೆಳಗಿನ ಗಲಾಟೆಯಲ್ಲಿ ಅದನ್ನು ಬಾವಿಗೆ ಬಿಡುವುದು ಮರೆತಿತ್ತು. ಅದರಿಂದ ಒಂದು ಹನಿ ತೆಗೆದು, ಸೂಕ್ಷ್ಮದರ್ಶಕವನ್ನೇ ಹಿತ್ತಲಿಗೆ ಹೊತ್ತು ತಂದು ಇಳಿಬಿಸಿಲಿಗೆ ಅದರ ಕೆಳಗಿನ ಕನ್ನಡಿ ತಿರುಗಿಸಿದೆ. ಅಲ್ಲಿ ಭಾನುವಾರದ ಸಂತೆ ಸೇರಿತ್ತು. ನೀರಿನ ಸಣ್ಣ ಹುಳುಗಳು, ಕಸಕ್ಕೆ ಅಂಟಿಕೊಂಡು ಗಂಟೆಯಂತೆ ತೂಗುವ ಏಕಕೋಶದವು, ಬಟ್ಟೆಯ ನೂಲಿನ ಎಳೆಗೆ ಡಿಕ್ಕಿ ಹೊಡೆದು ಹಿಂದೆ ಸರಿದು ಮತ್ತೆ ಹೊರಡುವ ಚಪ್ಪಲಿಗಳು.

ಅವರು ನೋಡಿದರು. ಈ ಸಲ ಕಣ್ಣು ಕೀಳಲೇ ಇಲ್ಲ.

"ಇವೆಲ್ಲ ನಾನು ದಿನಾ ವಾಪಸ್ ಬಿಡೋವಾ?"

"ಹೌದಮ್ಮ. ತಪ್ಪಿಸಿಕೊಂಡು ಬರೋದು ಒಂದೋ ಎರಡೋ."

ಎದ್ದು ಚೊಂಬಿನ ನೀರನ್ನು ಬಾವಿಗೆ ಬಿಟ್ಟು ಬಂದರು. ಗಾಜಿನ ಮೇಲಿದ್ದ ಹನಿಯನ್ನೂ ನನ್ನ ಕೈಯಿಂದಲೇ ಬಾವಿಗೆ ತೊಳೆಸಿದರು. ಒಳಗೆ ಹೋಗಿ ನಾಲ್ಕು ಮಡಿಕೆಯಲ್ಲಿ ಸೋಸಿದ ನೀರಿನ ಲೋಟ ತಂದು, ಅದರ ಮುಂದೆ ಕೈ ಮುಗಿದು ತುಟಿಯಲ್ಲೇ ಏನೋ ಹೇಳಿಕೊಂಡರು. ಮಾತ್ರೆ ಬಾಯಿಗೆ ಹಾಕಿಕೊಂಡು ಒಂದೇ ಉಸಿರಿಗೆ ಅಷ್ಟನ್ನೂ ಕುಡಿದರು.

"ಇನ್ನೊಂದ್ ಲೋಟಕ್ಕೆ ಹೊತ್ತೈತಾ ನೋಡಿ ಟೀಚರಮ್ಮ."

ಬಸದಿಯ ಗೋಡೆಯ ಮೇಲೆ ಇನ್ನೂ ಒಂದು ಬೆರಳಿನಷ್ಟು ಬಿಸಿಲಿತ್ತು.

"ಇದೆ, ಕುಡೀರಿ" ಎಂದೆ.